ಒಂದೇ ಎಸೆತಕ್ಕೆ ಬುಟ್ಟಿ: ಹೊಸಬರ ಏಸ್ ಸ್ಪರ್ಧೆಯ ಸಿದ್ಧತೆ

ಡಿಸ್ಕ್ ಗಾಲ್ಫ್ ಆಟದಲ್ಲಿ ಏಸ್ ಎಂದರೆ, ಟೀ ಎಂದು ಕರೆಯಲಾಗುವ ಆರಂಭದ ಜಾಗದಿಂದ ಎಸೆದ ಮೊದಲನೆಯ ಡಿಸ್ಕೇ ಗುರಿಯ ಬುಟ್ಟಿಯಲ್ಲಿ ನೆಲೆಯಾಗುವುದು. ಟೀಯಿಂದ ಬುಟ್ಟಿಯವರೆಗಿನ ಪ್ರತಿಯೊಂದು ಹಾದಿಗೂ, ನೆಲದಲ್ಲಿ ಕುಳಿಯೇ ಇಲ್ಲದಿದ್ದರೂ, ಹೋಲ್ ಎಂಬ ಗಾಲ್ಫಿನ ಹೆಸರೇ ಉಳಿದುಬಂದಿದೆ. ಸಾಮಾನ್ಯ ಪಂದ್ಯದಲ್ಲಿ ಆಟಗಾರ ದೂರದ ಎಸೆತ, ಹತ್ತಿರ ತರುವ ಎಸೆತ ಮತ್ತು ಕೊನೆಯ ಪಟ್ ಎಂಬ ಮೂರು ಬಗೆಯ ಕೌಶಲಗಳನ್ನು ಒಂದರ ಮೇಲೊಂದು ಕೂಡಿಸುತ್ತ, ಅತಿ ಕಡಿಮೆ ಎಸೆತಗಳಲ್ಲಿ ಸುತ್ತನ್ನು ಮುಗಿಸಲು ಹೆಣಗುತ್ತಾನೆ. ಏಸ್ ಸ್ಪರ್ಧೆ ಈ ಲೆಕ್ಕವನ್ನೆಲ್ಲ ಬದಿಗಿಟ್ಟು, ಮೊದಲ ಎಸೆತ ಬುಟ್ಟಿಗೆ ಬಿತ್ತೇ ಇಲ್ಲವೇ ಎಂಬ ಒಂದನ್ನೇ ಕೇಳುತ್ತದೆ. ನುರಿತ ಆಟಗಾರರಲ್ಲಿ ಕೆಲವರು ಇದನ್ನು ಅದೃಷ್ಟದಾಟವೆಂದು ಪಕ್ಕಕ್ಕೆ ಸರಿಸುವುದುಂಟಾದರೂ, ಆಟಕ್ಕೆ ಹೊಸಬರನ್ನು ಕರೆತರುವುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಬಾಗಿಲು ಇನ್ನೊಂದಿಲ್ಲ. ಏಕೆಂದರೆ ಇಲ್ಲಿ ಕೆಟ್ಟ ಎಸೆತಕ್ಕೆ ದಂಡವಿಲ್ಲ, ಪಟ್ ತಪ್ಪಿಸಿದವನ ಅಂಕಪಟ್ಟಿ ಉಬ್ಬುವುದಿಲ್ಲ, ಹತ್ತನೆಯ ಹೋಲಿಗೆ ಬರುವ ಹೊತ್ತಿಗೆ ತಾನು ಸೋತಾಗಿದೆ ಎಂಬ ಭಾವನೆ ಯಾರಲ್ಲಿಯೂ ಮೂಡುವುದಿಲ್ಲ.

ಈ ಆಟದ ಹುಟ್ಟೂರು ಕ್ಯಾಲಿಫೋರ್ನಿಯ. ವ್ಯಾಮ್-ಒ ಕಂಪನಿಯಲ್ಲಿದ್ದು ಫ್ರಿಸ್ಬಿಯ ಹಾರಾಟವನ್ನು ಸುಧಾರಿಸಿ 1967ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಎಡ್ ಹೆಡ್ರಿಕ್, 1975ರಲ್ಲಿ ಲಾ ಕನ್ಯಾಡ ಫ್ಲಿಂಟ್‌ರಿಜ್ ಎಂಬ ಊರಿನ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಸ್ಥಿರ ಅಂಗಳವನ್ನು ರೂಪಿಸಿದರು. ಬಾಹ್ಯಾಕಾಶ ನೌಕೆಗಳಿಗೆ ಹೆಸರಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಈ ಉದ್ಯಾನದ ನೆರೆಯಲ್ಲೇ ಇದೆ. ಆ ಅಂಗಳದ ಮೊದಲ ಗುರಿಗಳು ಬರಿಯ ಕಂಬಗಳು. ಡಿಸ್ಕು ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ತಕರಾರು ಪದೇ ಪದೇ ಏಳುತ್ತಿದ್ದುದರಿಂದ, ಡಿಸ್ಕನ್ನು ಹಿಡಿದಿಟ್ಟುಕೊಂಡು ಸಾಕ್ಷಿ ನುಡಿಯುವಂಥ ಗುರಿಯೊಂದು ಬೇಕಾಯಿತು. ಕಂಬದ ತುದಿಯಿಂದ ಸರಪಳಿಗಳನ್ನು ಇಳಿಬಿಟ್ಟು, ಅವುಗಳ ಕೆಳಗೆ ಬುಟ್ಟಿಯನ್ನು ಕೂರಿಸಿದ ರಚನೆಗೆ ಹೆಡ್ರಿಕ್ 1977ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಮುನ್ನ, 1976ರಲ್ಲಿ, ಇಂದಿಗೂ ಆಟದ ನಿಯಮಗಳನ್ನು ನಿರ್ಧರಿಸುವ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್, ಅಂದರೆ ಪಿಡಿಜಿಎ, ಅವರಿಂದಲೇ ಆರಂಭವಾಗಿತ್ತು. ಏಸ್ ಸ್ಪರ್ಧೆಯ ಮಟ್ಟಿಗೆ ಈ ಸರಪಳಿಯೇ ಮೂಲಾಧಾರ. ವೇಗವಾಗಿ ಬರುವ ಡಿಸ್ಕಿನ ಚಲನಶಕ್ತಿಯನ್ನು ಸರಪಳಿಗಳು ತಾವು ಅಲುಗಾಡಿ ಹೀರಿಕೊಳ್ಳುತ್ತವೆ. ಹೀರುವ ಶಕ್ತಿಗೂ ಮಿತಿ ಇರುವುದರಿಂದ, ತೀರ ರಭಸದಿಂದ ಬಂದ ಡಿಸ್ಕು ಸರಪಳಿಗಳ ನಡುವೆ ತೂರಿ ಆಚೆಗೆ ಹೋಗುತ್ತದೆ ಅಥವಾ ನಡುಗಂಬಕ್ಕೆ ಬಡಿದು ಹೊರಗೆ ಚಿಮ್ಮುತ್ತದೆ. ಬುಟ್ಟಿಯ ಬಳಿ ಬರುವ ಹೊತ್ತಿಗೆ ವೇಗ ಕಳೆದುಕೊಂಡು ಹದವಾಗಿ ಇಳಿಯುವ ಡಿಸ್ಕಿಗೆ ಏಸ್ ಒಲಿಯುವ ಸಾಧ್ಯತೆ ಹೆಚ್ಚು. ಈ ಒಂದು ಸಂಗತಿಯೇ ಹೊಸಬರಿಗೆ ದೊಡ್ಡ ಆಸರೆ; ದುರ್ಬಲ ತೋಳಿನ ಎಸೆತ ಇಲ್ಲಿ ಕೊರತೆಯಾಗಬೇಕಿಲ್ಲ.

ಹಾಗಾಗಬಾರದೆಂದರೆ ಸಂಘಟಕರು ಎಲ್ಲಕ್ಕಿಂತ ಮೊದಲು ದೂರವನ್ನು ಸರಿಯಾಗಿ ಅಳೆಯಬೇಕು. ಹೊಸಬರ ಕೂಟಗಳು ಕೆಡುವುದು ಬಹುಮಟ್ಟಿಗೆ ಈ ಒಂದು ಕಡೆಯಲ್ಲೇ. ಅಂಗಳದಲ್ಲಿ ಈಗಾಗಲೇ ಇರುವ ಟೀಗಳನ್ನೇ ಬಳಸುವುದು ಸುಲಭವೆಂದು ತೋರಿದರೂ, ಆ ಟೀಗಳು ಇಡೀ ಆಟಕ್ಕಾಗಿ, ಅಂದರೆ ಒಂದು ಹೋಲನ್ನು ಮೂರು ಎಸೆತಗಳಲ್ಲಿ ಮುಗಿಸುವ ಲೆಕ್ಕಕ್ಕಾಗಿ, ಇಟ್ಟವು. 2021ರಲ್ಲಿ ಯೂಟಾ ರಾಜ್ಯದ ಆಗ್ಡನ್ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಕೊನೆಯ ಹೋಲಿನಲ್ಲಿ ಜೇಮ್ಸ್ ಕಾನ್ರಾಡ್ 247 ಅಡಿ, ಅಂದರೆ ಸುಮಾರು 75 ಮೀಟರ್ ದೂರದಿಂದ ಡಿಸ್ಕನ್ನು ನೇರವಾಗಿ ಬುಟ್ಟಿಗೆ ಹಾಕಿ ಪಾಲ್ ಮೆಕ್‌ಬೆತ್ ಅವರೊಂದಿಗೆ ಸಮಬಲ ಸಾಧಿಸಿ, ಬಳಿಕ ಪ್ಲೇಆಫ್‌ನಲ್ಲಿ ಪ್ರಶಸ್ತಿ ಗೆದ್ದರು. ಅದು ಟೀಯಿಂದ ಎಸೆದದ್ದಲ್ಲವಾದ್ದರಿಂದ ಏಸ್ ಅಲ್ಲ. ಆದರೂ ಈ ಕ್ರೀಡೆಯ ಅತಿ ಪ್ರಸಿದ್ಧ ಎಸೆತವೆಂದು ಅದನ್ನು ಇಂದಿಗೂ ನೆನೆಯಲಾಗುತ್ತದೆ. ಜಗತ್ತಿನ ಶ್ರೇಷ್ಠ ಆಟಗಾರನಿಂದ 75 ಮೀಟರಿನಲ್ಲಿ ಬಂದದ್ದು ಇತಿಹಾಸವೆನಿಸಿಕೊಳ್ಳುವಾಗ, ಅದೇ ದೂರವನ್ನು ಮೊನ್ನೆ ಮೊನ್ನೆ ಡಿಸ್ಕು ಹಿಡಿದವರ ಮುಂದೆ ಇಟ್ಟು ಇದು ನಿಮ್ಮ ಸ್ಪರ್ಧೆ ಎನ್ನುವುದು ನ್ಯಾಯವಲ್ಲ.

ಹೊಸಬರ ನೇರ ಎಸೆತ ಸಾಮಾನ್ಯವಾಗಿ 45ರಿಂದ 60 ಮೀಟರಿನೊಳಗೆ ನೆಲ ಮುಟ್ಟುತ್ತದೆ. ಮಕ್ಕಳದ್ದು ಅದಕ್ಕಿಂತ ಬಹಳ ಮುಂಚೆಯೇ. ಆಟಗಾರ ತನ್ನ ಪೂರ್ಣ ಶಕ್ತಿಯನ್ನು ಹಾಕಿದರಷ್ಟೇ ಬುಟ್ಟಿಯನ್ನು ತಲುಪುವಂಥ ದೂರದಲ್ಲಿ ಗುರಿಯ ಖಚಿತತೆ ಕೆಟ್ಟುಹೋಗುವುದರಿಂದ, ದೂರದ ಮಿತಿಯನ್ನು ಆತನ ಗರಿಷ್ಠ ಎಸೆತದಿಂದಲ್ಲ, ನಿರಾಯಾಸದ ಎಸೆತದಿಂದ ಗೊತ್ತುಮಾಡಬೇಕು. ವಯಸ್ಕ ಹೊಸಬರಿಗೆ 30ರಿಂದ 45 ಮೀಟರ್, ಮಕ್ಕಳಿಗೆ 15ರಿಂದ 25 ಮೀಟರ್ ಎಂಬುದು ವಿವೇಕದ ಅಳತೆ. ಅನುಭವಿಗಳೂ ಸೇರುವ ಕೂಟವಾದರೆ ಅದೇ ಬುಟ್ಟಿಗೆ 60 ಮೀಟರ್ ಆಚೆಗೆ ಅವರ ಟೀಯನ್ನು ಪ್ರತ್ಯೇಕವಾಗಿ ಗುರುತಿಸಿ, ಫಲಿತಾಂಶವನ್ನೂ ಬೇರೆ ವಿಭಾಗದಲ್ಲಿ ಬರೆಯುವುದು ಯುಕ್ತ.

ಇಷ್ಟು ಹತ್ತಿರ ತಂದರೆ ಏಸ್ ಅಗ್ಗವಾಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ಸರಳ ಗಣಿತವೇ ಉತ್ತರ ಕೊಡುತ್ತದೆ. ಒಬ್ಬ ಹೊಸಬನ ನೂರು ಎಸೆತಗಳಲ್ಲಿ ಒಂದು ಬುಟ್ಟಿಗೆ ಬೀಳುವಷ್ಟು ದೂರವನ್ನು ಆರಿಸಲಾಗಿದೆ ಎಂದು ಇಟ್ಟುಕೊಂಡರೆ, 18 ಹೋಲುಗಳಲ್ಲಿ ತಲಾ ಎರಡರಂತೆ 36 ಎಸೆತ ಎಸೆದ ಆತನಿಗೆ ಒಂದಾದರೂ ಏಸ್ ದಕ್ಕುವ ಸಾಧ್ಯತೆ ಶೇಕಡಾ 30ರಷ್ಟು ಮಾತ್ರ. ಆದರೆ ಅಂಥವರು 24 ಮಂದಿ ಸೇರಿದರೆ ಒಟ್ಟು 864 ಎಸೆತಗಳಾಗಿ, ಎಂಟೊಂಬತ್ತು ಏಸ್‌ಗಳನ್ನು ನಿರೀಕ್ಷಿಸಬಹುದು. ಅಂದರೆ ಒಬ್ಬೊಬ್ಬರಿಗೆ ಏಸ್ ಅಪರೂಪವಾಗಿಯೇ ಉಳಿದರೂ ಅಂಗಳದಲ್ಲಿ ಸ್ವಲ್ಪ ಸ್ವಲ್ಪ ಹೊತ್ತಿಗೆ ಯಾವುದೋ ಒಂದು ಮೂಲೆಯಿಂದ ಹರ್ಷದ ಕೂಗು ಕೇಳಿಬರುತ್ತಿರುತ್ತದೆ, ಮತ್ತು ಆ ಕೂಗು ಮುಂದಿನ ಹೋಲಿನಲ್ಲಿ ನಿಂತವನ ಕೈಗೆ ಹುರುಪು ಕೊಡುತ್ತದೆ. ಸಾಧ್ಯತೆಯನ್ನು ಇನ್ನೂರಕ್ಕೆ ಒಂದಕ್ಕೆ ಇಳಿಸಿದರೆ ವ್ಯಕ್ತಿಯ ಪಾಲು ಶೇಕಡಾ 16ರ ಆಸುಪಾಸಿಗೆ ಕುಸಿದು, ಕೂಟದ ಬಹುಭಾಗ ಮೌನದಲ್ಲೇ ಕಳೆಯುತ್ತದೆ. ನೂರಕ್ಕೆ ಒಂದರ ಆಸುಪಾಸಿನಲ್ಲಿರುವುದೇ ಒಳ್ಳೆಯ ಸ್ಪರ್ಧೆಯ ಲಕ್ಷಣ.

ದೂರದ ನಂತರ ಬರುವುದು ಹಾದಿಯ ಆಕಾರ. ಬಲಗೈ ಆಟಗಾರ ತೋಳನ್ನು ಎದೆಗೆ ಅಡ್ಡಲಾಗಿ ತಂದು ಬೀಸಿ ಎಸೆಯುವ ಬ್ಯಾಕ್‌ಹ್ಯಾಂಡ್ ಎಸೆತದಲ್ಲಿ ಡಿಸ್ಕು, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಗಾಳಿಯ ಒತ್ತಡ ಡಿಸ್ಕಿನ ಮುಂದಿನ ಅಂಚನ್ನು ಮೇಲಕ್ಕೋ ಕೆಳಕ್ಕೋ ವಾಲಿಸಲು ಯತ್ನಿಸಿದಾಗ, ತಿರುಗುವ ವಸ್ತುವಿನ ಸಹಜ ಗುಣದಿಂದ ಆ ವಾಲುವಿಕೆ ಪಕ್ಕಕ್ಕೆ ಹೊರಳುತ್ತದೆ. ಆದ್ದರಿಂದ ವೇಗ ಹೆಚ್ಚಿದ್ದಾಗ ಡಿಸ್ಕು ತುಸು ಬಲಕ್ಕೂ, ವೇಗ ತಗ್ಗಿದ ಮೇಲೆ ಎಡಕ್ಕೂ ಸರಿಯುತ್ತದೆ. ಎಡಗೈಯವರಲ್ಲಿ ಇದೆಲ್ಲವೂ ತಿರುವುಮುರುವು. ಹೊಸಬರ ಎಸೆತಕ್ಕೆ ವೇಗ ಕಡಿಮೆಯಾದ್ದರಿಂದ ಅದು ಬಹುಬೇಗ ಎಡಕ್ಕೆ ಬಾಗುವುದನ್ನು ಅರಿತು, ಬಹುಪಾಲು ಹೋಲುಗಳನ್ನು ನೇರವಾಗಿ ಅಥವಾ ಕೊನೆಯಲ್ಲಿ ತುಸು ಎಡಕ್ಕೆ ತಿರುಗುವಂತೆ ಇಟ್ಟು, ಎಡಗೈಯವರಿಗೆ ಅನ್ಯಾಯವಾಗದಂತೆ ಬಲಕ್ಕೆ ತಿರುಗುವ ಕೆಲವನ್ನು ಸೇರಿಸಬೇಕು. ಟೀಯಿಂದ ಬುಟ್ಟಿ ಪೂರ್ತಿಯಾಗಿ ಕಾಣಲೇಬೇಕು. ಕಾಣದ ಗುರಿಗೆ ಬಿದ್ದ ಏಸ್ ಎಸೆದವನ ಕಣ್ಣಿಗೆ ಸಿಗದೆ ಹೋಗುತ್ತದೆ. ಬುಟ್ಟಿಯ ಹಿಂದೆ ಸಣ್ಣ ದಿಬ್ಬವಿದ್ದರೆ ತಪ್ಪಿದ ಡಿಸ್ಕು ದೂರ ಜಾರಿಹೋಗದೆ ಸಮಯ ಉಳಿಯುತ್ತದೆ. ಹದಿನೆಂಟು ಬುಟ್ಟಿಗಳು ಇಲ್ಲವೆಂದು ಕೈಚೆಲ್ಲಬೇಕಾಗಿಯೂ ಇಲ್ಲ. ಎತ್ತಿ ಸಾಗಿಸಬಹುದಾದ ಆರು ಬುಟ್ಟಿಗಳಿದ್ದು, ಒಂದೊಂದಕ್ಕೂ ಬೇರೆ ಬೇರೆ ಕೋನಗಳಿಂದ ಮೂರು ಟೀಗಳನ್ನು ಗುರುತಿಸಿ, ಒಂದು ಬುಟ್ಟಿಗೆ ಒಂದು ಹೊತ್ತಿನಲ್ಲಿ ಒಂದೇ ಗುಂಪು ಎಸೆಯುವಂತೆ ನೋಡಿಕೊಂಡರೆ ಶಾಲೆಯ ಮೈದಾನವೂ ಸಾಕಾಗುತ್ತದೆ.

ಡಿಸ್ಕಿನ ಆಯ್ಕೆಯಲ್ಲಿ ಅಮೆರಿಕದ ಡಿಸ್ಕ್ರಾಫ್ಟ್ ಕಂಪನಿಯ ಏಸ್ ರೇಸ್ ಎಂಬ ಕೂಟ ಅನುಸರಿಸಿದ ಕ್ರಮ ಅನುಕರಣೀಯವಾದುದು. ಅಲ್ಲಿ ಪ್ರತಿ ಸ್ಪರ್ಧಿಗೂ ಒಂದೇ ಮಾದರಿಯ ಡಿಸ್ಕುಗಳನ್ನು ಕೊಟ್ಟು, ಅವುಗಳಿಂದಲೇ ಎಸೆಯಬೇಕೆಂಬ ನಿಯಮವಿತ್ತು. ಚೀಲದ ತುಂಬ ಡಿಸ್ಕುಗಳಿರುವ ಅನುಭವಿಗೂ ಅಂದೇ ಮೊದಲು ಡಿಸ್ಕು ಹಿಡಿದ ಹುಡುಗಿಗೂ ಇರುವ ಅಂತರವನ್ನು ಈ ಒಂದು ನಿಯಮ ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಕೊಡುವ ಡಿಸ್ಕು ಡ್ರೈವರ್ ಆಗಿರಬಾರದು. ಅಂಚು ಅಗಲವಾದ, ವೇಗಕ್ಕಾಗಿಯೇ ರೂಪಿಸಿದ ಡ್ರೈವರ್ ಬಲವಾದ ತೋಳನ್ನು ಬೇಡುತ್ತದೆ. ಬಹುತೇಕ ಗಾಲ್ಫ್ ಡಿಸ್ಕುಗಳಿಗೆ ನಾಲ್ಕು ಅಂಕಿಗಳಿಂದ ಹಾರಾಟದ ಸ್ವಭಾವವನ್ನು ಸೂಚಿಸುವ ರೂಢಿ ಇದ್ದು, ಅವು ಕ್ರಮವಾಗಿ ವೇಗ, ತೇಲುವಿಕೆ, ಆರಂಭದ ತಿರುವು ಮತ್ತು ಕೊನೆಯ ಬಾಗುವಿಕೆಯನ್ನು ಹೇಳುತ್ತವೆ. ಇನೋವ ಕಂಪನಿಯ ಏವಿಯಾರ್ ಎಂಬ ಪಟರ್‌ಗೆ, ಅಂದರೆ ಪಟ್ ಎಸೆತದ ಡಿಸ್ಕಿಗೆ, ವೇಗ 2, ಡಿಸ್ಕ್ರಾಫ್ಟಿನ ಬಜ್ ಎಂಬ ಮಧ್ಯಮ ದೂರದ ಡಿಸ್ಕಿಗೆ 5. ಹೊಸಬರ ಏಸ್ ಸ್ಪರ್ಧೆಗೆ ಈ ಎರಡರ ನಡುವಿನ ಯಾವುದಾದರೂ ನೇರ ಹಾರಾಟದ, ಸಾಧ್ಯವಾದರೆ ಹಗುರವಾದ ಡಿಸ್ಕು ಒಪ್ಪುತ್ತದೆ. ಬೆಂಗಳೂರಿನ ಮೈದಾನಗಳಲ್ಲಿ ಅಲ್ಟಿಮೇಟ್ ಫ್ರಿಸ್ಬಿ ಆಡುವವರ ಕೈಗೆ ಪರಿಚಿತವಾದ 175 ಗ್ರಾಮಿನ ಡಿಸ್ಕು ಸುಮಾರು 27 ಸೆಂಟಿಮೀಟರ್ ಅಗಲವಿದ್ದರೆ, ಗಾಲ್ಫ್ ಡಿಸ್ಕು 21 ಸೆಂಟಿಮೀಟರಿನ ಆಸುಪಾಸಿನದು. ಆ ದೊಡ್ಡ ಡಿಸ್ಕು ತೇಲುವಂತೆ ಇದು ತೇಲುವುದಿಲ್ಲವಾದ್ದರಿಂದ ಅಂಥವರಿಗೂ ಕೆಲವು ಅಭ್ಯಾಸದ ಎಸೆತಗಳಿಗೆ ಅವಕಾಶ ಕೊಡಬೇಕು.

ಎಣಿಕೆಯ ವಿಷಯದಲ್ಲಿ ಎರಡು ಹೆಸರುಗಳು ಸಾಕು: ಏಸ್ ಮತ್ತು ಮೆಟಲ್. ಡಿಸ್ಕು ಬುಟ್ಟಿಯೊಳಗೆ ಅಥವಾ ಸರಪಳಿಗಳ ಆಸರೆಯಲ್ಲಿ ನಿಂತರೆ ಏಸ್. ಸರಪಳಿಗಳು ತೂಗುವ ಮೇಲುಪಟ್ಟಿಯ ಮೇಲೆ ಕುಳಿತ ಡಿಸ್ಕು, ನೋಡಲು ಎಷ್ಟೇ ಸೊಗಸಾಗಿದ್ದರೂ, ನಿಯಮದ ಪ್ರಕಾರ ಒಳಗೆ ಬಿದ್ದದ್ದಲ್ಲ. ಗುರಿಯ ಯಾವುದೇ ಲೋಹದ ಭಾಗಕ್ಕೆ ತಾಗಿ ನಿಲ್ಲದೆ ಹೋದದ್ದು ಮೆಟಲ್. ಬುಟ್ಟಿಯ ಕೆಳಗಿನ ಕಂಬಕ್ಕೆ ತಾಗಿದ್ದನ್ನು, ನೆಲದಲ್ಲಿ ಜಾರಿಬಂದು ತಾಗಿದ್ದನ್ನು ಎಣಿಸಬೇಕೇ ಎಂಬುದನ್ನು ಆಟಕ್ಕೆ ಮುಂಚೆಯೇ ಸಾರಿ ಹೇಳದಿದ್ದರೆ ಜಗಳ ಖಚಿತ. ಹೊಸಬರ ಕೂಟದಲ್ಲಿ ಎರಡನ್ನೂ ಎಣಿಸುವುದೇ ಮೇಲು. ಹೆಚ್ಚು ಏಸ್ ಪಡೆದವರಿಗೆ ಮೊದಲ ಸ್ಥಾನ, ಏಸ್ ಸಮವಾದಾಗ ಮೆಟಲ್ ಎಣಿಕೆಯಿಂದ ತೀರ್ಮಾನ ಎಂಬ ಕ್ರಮ ಅತ್ಯುತ್ತಮವಾದುದು. ಐದು ಮೆಟಲ್‌ಗೆ ಒಂದು ಏಸ್ ಎಂಬಂಥ ವಿನಿಮಯವನ್ನು ಕೆಲವರು ತರಲು ಬಯಸಬಹುದು. ಅದನ್ನು ಒಪ್ಪಬಾರದು, ಏಕೆಂದರೆ ಏಸ್ ಬೇರಾವುದಕ್ಕೂ ಸಮವಲ್ಲ ಎಂಬ ನಂಬಿಕೆಯ ಮೇಲೆಯೇ ಈ ಸ್ಪರ್ಧೆ ನಿಂತಿದೆ. ಹಾಗೆಂದು ಮೆಟಲ್ ಕಡೆಗಣಿಸಬೇಕಾದದ್ದೂ ಅಲ್ಲ. ಒಂದೂ ಏಸ್ ಸಿಗದ ಹೊಸಬನಿಗೆ ಸರಪಳಿಯ ಒಂದು ಝಣತ್ಕಾರವೇ ಮುಂದಿನ ವಾರ ಮತ್ತೆ ಬರುವಂತೆ ಮಾಡುವುದರಿಂದ, ಅತಿ ಹೆಚ್ಚು ಮೆಟಲ್ ಪಡೆದವರಿಗೂ ಪ್ರತ್ಯೇಕ ಬಹುಮಾನವಿರಬೇಕು.

ಅಮೆರಿಕದ ವಾರದ ಕೂಟಗಳಲ್ಲಿ ಏಸ್ ಪೂಲ್ ಎಂಬ ರೂಢಿ ಇದೆ: ಆಡುವವರೆಲ್ಲ ಚಿಕ್ಕ ಮೊತ್ತವೊಂದನ್ನು ಕೂಡಿಹಾಕಿ, ಏಸ್ ಹೊಡೆದವರಿಗೆ ಅದನ್ನು ಕೊಡುತ್ತಾರೆ, ಯಾರಿಗೂ ಬೀಳದಿದ್ದರೆ ಅದು ಮುಂದಿನ ವಾರಕ್ಕೆ ಬೆಳೆಯುತ್ತದೆ. ಹೊಸಬರ ನಡುವೆ ಇದು ಬೇಡ. ಅದಕ್ಕಿಂತ ಮಿಗಿಲಾದ ಇನ್ನೊಂದು ರೂಢಿಯನ್ನು ಖಂಡಿತ ಉಳಿಸಿಕೊಳ್ಳಬೇಕು: ಏಸ್ ಕಂಡ ಸಾಕ್ಷಿಗಳೆಲ್ಲ ಅಳಿಸದ ಶಾಯಿಯ ಪೆನ್ನಿನಿಂದ ಆ ಡಿಸ್ಕಿನ ಮೇಲೆ ತಮ್ಮ ಹೆಸರು ಬರೆದುಕೊಡುತ್ತಾರೆ, ಅನೇಕರು ಆ ಡಿಸ್ಕನ್ನು ಮತ್ತೆ ಆಡದೆ ಗೋಡೆಗೆ ತೂಗುಹಾಕುತ್ತಾರೆ. ಪ್ರತಿ ಹೋಲಿನ ಎರಡು ಎಸೆತಗಳಿಗಾಗಿ ಸ್ಪರ್ಧಿಗೆ ಎರಡು ಡಿಸ್ಕು ಕೊಡುವುದಕ್ಕೆ ಇದೂ ಒಂದು ಕಾರಣವಾಗಲಿ.

ಸುರಕ್ಷತೆಯ ಮಾತು ಚಿಕ್ಕದು, ಆದರೆ ಅದಕ್ಕೆ ವಿನಾಯಿತಿ ಇಲ್ಲ. ನಾಲ್ಕು ನಾಲ್ಕು ಜನರ ಗುಂಪುಗಳನ್ನು ಬೇರೆ ಬೇರೆ ಟೀಗಳಲ್ಲಿ ನಿಲ್ಲಿಸಿ ಒಂದೇ ಸೂಚನೆಗೆ ಆಟ ಆರಂಭಿಸಬೇಕು; ಗುಂಪಿನ ಎಲ್ಲರೂ ಎಸೆದು ಮುಗಿಯುವವರೆಗೆ ಯಾರೂ ಬುಟ್ಟಿಯತ್ತ ನಡೆಯಬಾರದು; ಡಿಸ್ಕು ದಾರಿಹೋಕರ ಕಡೆಗೆ ತಿರುಗಿದರೆ ಗಾಲ್ಫಿನಲ್ಲಿರುವಂತೆಯೇ ಫೋರ್ ಎಂದು ಗಟ್ಟಿಯಾಗಿ ಕೂಗಬೇಕು. ಬೆಳಗಿನ ಹೊತ್ತು ಗಾಳಿ ಕಡಿಮೆಯಿರುವುದರಿಂದ ಹೊಸಬರಿಗೆ ಅದೇ ಪ್ರಶಸ್ತ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಯಾರಾದರೂ ಬೇಸಿಗೆಯ ವನಭೋಜನಕ್ಕೆ ಇಂಥ ಕೂಟವನ್ನು ಯೋಜಿಸುವುದಾದರೆ, ಅಲ್ಲಿನ ಸಾರ್ವಜನಿಕ ಉದ್ಯಾನಗಳಲ್ಲಿ ಅನೇಕ ಕಡೆ ಬುಟ್ಟಿಗಳು ನೆಟ್ಟೇ ಇರುವುದರಿಂದ, ಟೀಯನ್ನು ಮುಂದೆ ತರುವ ಕೆಲಸವಷ್ಟೇ ಉಳಿಯುತ್ತದೆ.

ಸಂಘಟಕರಲ್ಲಿ ಒಂದು ವಿನಂತಿ. ಸ್ಪರ್ಧೆಯ ಹಿಂದಿನ ಸಂಜೆ, ಆಟ ಬಲ್ಲವರನ್ನು ಬಿಟ್ಟು, ಈವರೆಗೆ ಡಿಸ್ಕು ಹಿಡಿಯದ ಒಬ್ಬಿಬ್ಬರನ್ನು ಕರೆದು ಪ್ರತಿ ಟೀಯಿಂದಲೂ ಇಪ್ಪತ್ತು ಎಸೆತ ಎಸೆಯಲು ಹೇಳಿ. ಅಷ್ಟರಲ್ಲಿ ಒಂದಾದರೂ ಲೋಹಕ್ಕೆ ತಾಗದಿದ್ದರೆ ಆ ಟೀಯನ್ನು ಐದು ಮೀಟರ್ ಮುಂದಕ್ಕೆ ತಂದು ಮತ್ತೆ ಎಸೆಯಿಸಿ ನೋಡಿ.