ಗುಬ್ಬಿಯ ಕಂಠಕ್ಕೆ ದಿಲ್ಲಿಯ ಮುದ್ರೆ

ರಂಗನಟಿ, ಗಾಯಕಿ ಬಿ. ಜಯಶ್ರೀ ಅವರ ಮಾತು ಬಂದಾಗಲೆಲ್ಲ ದಿಲ್ಲಿಯ ರಂಗಕೇಂದ್ರ ಮಂಡಿ ಹೌಸ್ ಸುತ್ತಮುತ್ತ ಒಂದೇ ತೀರ್ಪು ಕಿವಿಗೆ ಬೀಳುತ್ತದೆ: ಕಂಪನಿ ನಾಟಕದ ಮನೆತನದ ಒರಟು ಪ್ರತಿಭೆಯನ್ನು ರಾಷ್ಟ್ರೀಯ ನಾಟಕ ಶಾಲೆ ತಿದ್ದಿ ತೀಡಿ ಕಲಾವಿದೆಯನ್ನಾಗಿ ಮಾಡಿತು. ದಿಲ್ಲಿಯ ಕನ್ನಡಿಗರೂ ಇದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ನನಗೆ ಮೈ ಉರಿಯುತ್ತದೆ.

ಅಲ್ಕಾಜಿಯವರು ನಿರ್ದೇಶಕರಾಗಿದ್ದ ಕಾಲದ ಆ ಶಾಲೆಯಿಂದ ಅವರು ಹೊರಬಂದದ್ದು 1973ರಲ್ಲಿ. ಬೆಳಕು, ರಂಗಸಜ್ಜಿಕೆ, ಮೈಯ ಶಿಸ್ತು, ಇವೆಲ್ಲ ಅಲ್ಲಿ ಸಿಕ್ಕಿರಬಹುದು, ಒಪ್ಪೋಣ. ದನಿ ಮಾತ್ರ ಅಲ್ಲಿಯದಲ್ಲ. ಅದು ತಾತ ಗುಬ್ಬಿ ವೀರಣ್ಣನವರ ಕಂಪನಿಯದು, ತಾಯಿ ಮಾಲತಮ್ಮನವರದು; ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದವನಿಗೂ ಸಾಹಿತ್ಯ ಬಿಡಿಬಿಡಿಯಾಗಿ ಮುಟ್ಟಲೇಬೇಕೆಂದು ಕಾಲು ಹಾರ್ಮೋನಿಯಂ ಪಕ್ಕದಲ್ಲಿ ಹದಗೊಂಡ ಗಾಯನದ್ದು.

‘ಸದಾರಮೆ’ಯ ಕಳ್ಳನನ್ನೇ ನೋಡಿ. ವೀರಣ್ಣನವರಿಗೆ ಹೆಸರು ತಂದ ಪಾತ್ರವದು. ಅದನ್ನೇ ಮೊಮ್ಮಗಳು ಕಚ್ಚೆ ಕಟ್ಟಿ ಆಡಿದರು. ಹಾಡು ಶುರುವಾದದ್ದು ಎಲ್ಲಿ ಎಂದು ಹೇಳುವುದೇ ಕಷ್ಟ. ಮಾತಿನ ಕೊನೆಯ ಅಕ್ಷರವನ್ನು ಕೊಂಚ ಎಳೆಯುತ್ತಾರೆ, ಹಾರ್ಮೋನಿಯಂ ಅದೇ ಶ್ರುತಿಯನ್ನು ಹಿಡಿಯುತ್ತದೆ, ನಾವು ಆಗಲೇ ಹಾಡಿನೊಳಗೆ ಇರುತ್ತೇವೆ. ತಾರಸ್ಥಾಯಿಯಲ್ಲಿ ನಿಂತ ದನಿ ಅರೆಕ್ಷಣದಲ್ಲಿ ಗದರುವ ಗಂಡುದನಿಗೆ ಇಳಿಯುತ್ತದೆ. ಒಂದು ವ್ಯಂಜನವೂ ಮಸುಕಾಗುವುದಿಲ್ಲ. ರಾಗದ ಶುದ್ಧಿ ಅಲ್ಲಲ್ಲಿ ಕದಡಿದರೆ ಕದಡಲಿ. ಕಳ್ಳ ಕಚೇರಿ ಮಾಡಲು ಬಂದವನಲ್ಲ. ಇದನ್ನು ‘ಅತಿ’ ಎನ್ನುವವರು ರಂಗಗೀತೆಯನ್ನು ಭಾವಗೀತೆಯ ಕಿವಿಯಿಂದ ಕೇಳುತ್ತಿದ್ದಾರೆ.

ಅದೇ ಕಂಠ ಸಿನಿಮಾದಲ್ಲಿ ಮಾಧವಿ, ಅಂಬಿಕಾ ಅವರಂಥ ನಾಯಕಿಯರ ಬಾಯಲ್ಲಿ ಕನ್ನಡ ನುಡಿಯಿತು. ‘ಲಕ್ಷಾಪತಿ ರಾಜನ ಕಥೆ’ ನಾಟಕದಲ್ಲಿ ಜನಪದದ ಹಾಡಾಯಿತು. ಕಂಬಾರರ ‘ಕರಿಮಾಯಿ’ಯನ್ನು ಅವರೇ ರಂಗಕ್ಕೆ ತಂದರು; ಅಲ್ಲಿ ಹಾಡೇ ಊರಿನ ಉಸಿರು. 1976ರಲ್ಲಿ ಕಟ್ಟಿದ ‘ಸ್ಪಂದನ’ ತಂಡದ ಹುಡುಗರಿಗೆ ಕಂಪನಿಯ ಮಟ್ಟುಗಳನ್ನು ಬಾಯಿಂದ ಬಾಯಿಗೆ ದಾಟಿಸಿದರು. ಇಷ್ಟು ಬಗೆಯ ಕೆಲಸಕ್ಕೆ ಒಂದೇ ಗಂಟಲು ಸಾಕಾಯಿತೆಂದರೆ, ಆ ಗಂಟಲನ್ನು ಬೆಳೆಸಿದ ಮನೆಯನ್ನು ‘ಒರಟು’ ಎನ್ನುವ ಧೈರ್ಯ ಎಲ್ಲಿಂದ ಬಂತು?

ಬಂದದ್ದು ನಮ್ಮಿಂದಲೇ. ಹವ್ಯಾಸಿ ರಂಗಭೂಮಿ ತಲೆಯೆತ್ತಿದಾಗ ನಮ್ಮ ಓದಿದ ಜನ ಕಂಪನಿ ನಾಟಕವನ್ನು ಝಗಝಗ ಪರದೆ, ಒನ್ಸ್ ಮೋರ್ ಕೂಗು, ಅಗ್ಗದ ಹಾಸ್ಯ ಎಂದು ಬದಿಗೆ ಸರಿಸಿದರು. ‘ತುಘಲಕ್’ ಬಂದ ಮೇಲೆ ‘ಸದಾರಮೆ’ಯ ಹೆಸರೆತ್ತಲು ನಾಚಿಕೊಂಡರು. ‘ತುಘಲಕ್’ ದೊಡ್ಡ ನಾಟಕವೇ. ಆದರೆ ಹಾಡಿಲ್ಲದ ನಾಟಕವೇ ಬುದ್ಧಿವಂತರ ನಾಟಕ ಎಂಬ ರುಚಿಯನ್ನು ನಮ್ಮ ತಲೆಗೆ ಕಟ್ಟಿದವರಾರು? ಮನೆಯಲ್ಲಿ ತಿರಸ್ಕರಿಸಿದ್ದನ್ನು ದಿಲ್ಲಿ ಮೆಚ್ಚಿದ ಮೇಲೆ ತಲೆಯ ಮೇಲೆ ಹೊತ್ತುಕೊಳ್ಳುವುದು ನಮಗೆ ಚಟವಾಗಿದೆ. ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆ, 2013ರಲ್ಲಿ ಪದ್ಮಶ್ರೀ ಬಂದಾಗ ಸಂಭ್ರಮಿಸಿದೆವು. ಕಂಪನಿಯ ಹಾಡುಗಾರಿಕೆಯ ಬಗ್ಗೆ ಗಟ್ಟಿಯಾದ ವಿಮರ್ಶೆ ಬರೆದವರೆಷ್ಟು ಮಂದಿ?

ಸಾಲದ ಲೆಕ್ಕವೂ ತಿರುವುಮುರುವಾಗಿದೆ. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಸೇರಿಕೊಂಡದ್ದು ಇದೇ ಗುಬ್ಬಿ ಕಂಪನಿಯನ್ನು. ಕಾಶಿಗೆ ಕಳಿಸಿ ಓದಿಸಿದವರು ವೀರಣ್ಣ. ಅದೇ ಕಾರಂತರು 1977ರಲ್ಲಿ ನಾಟಕ ಶಾಲೆಯ ನಿರ್ದೇಶಕರಾಗಿ ದಿಲ್ಲಿಯ ರಂಗಕ್ಕೆ ಸಂಗೀತ ತುಂಬಿದರು. ಗುಬ್ಬಿ ದಿಲ್ಲಿಗೆ ಕೊಟ್ಟದ್ದನ್ನು ಯಾರೂ ಎಣಿಸುವುದಿಲ್ಲ.

ಶಾಲೆಯೇ ಕಲಾವಿದರನ್ನು ಮಾಡುತ್ತದೆ ಎನ್ನುವವರಿಗೆ ನನ್ನದು ಇನ್ನೊಂದು ಪ್ರಶ್ನೆ. ಬರೀ ಹೆಂಗಸರ ಕಂಪನಿ ಕಟ್ಟಿ, ಕಂಸನಾಗಿ, ದುರ್ಯೋಧನನಾಗಿ ಗರ್ಜಿಸಿ ಹಾಡಿದ ಆರ್. ನಾಗರತ್ನಮ್ಮನವರನ್ನು ತಿದ್ದಿ ತೀಡಿದ್ದು ದಿಲ್ಲಿಯ ಯಾವ ಶಾಲೆ?