ಶಾರ್ಟ್‌ವೇವ್, ಗದ್ವಾಲ, ನಮ್ಮ ರೇಡಿಯೋ ಇತಿಹಾಸ: ಒಂದು ತಕರಾರು

ಧ್ವನಿ ಕೇಳಸ್ತದಲ್ಲ? ಹಿಂದಿನ ಗೋಷ್ಠಿಯಲ್ಲಿ ಗೆಳೆಯರೊಬ್ಬರು, ಶಾರ್ಟ್‌ವೇವ್ ಗಡಿಗಳನ್ನು ಅಳಿಸಿತು ಎಂದರು. ಆ ಮಾತಿಗೇ ನನ್ನ ತಕರಾರು.

ಅಮೆರಿಕದ ಕತೆ ನೋಡ್ರಿ. 1912ರ ರೇಡಿಯೋ ಕಾಯ್ದೆ ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಚಿಕ್ಕ ತರಂಗಗಳಿಗೆ ತಳ್ಳಿತು. ಅವು ದೂರಕ್ಕೆ ಹೋಗುವುದಿಲ್ಲ ಎಂಬುದು ಆಗಿನ ನಂಬಿಕೆ. ಆ ಬೀಳುಭೂಮಿಯಲ್ಲೇ ಫಸಲು ಬಂತು. 1923ರ ನವೆಂಬರಿನಲ್ಲಿ ಹವ್ಯಾಸಿಗಳು ಸುಮಾರು 100 ಮೀಟರಿನಲ್ಲಿ ಅಟ್ಲಾಂಟಿಕ್ ಆಚೆಯ ಫ್ರಾನ್ಸಿನೊಡನೆ ಸಂದೇಶ ವಿನಿಮಯ ಮಾಡಿದರು. ಅದೇ ವರ್ಷ ವೆಸ್ಟಿಂಗ್‌ಹೌಸ್ ಕಂಪನಿಯ ಫ್ರಾಂಕ್ ಕಾನ್ರಾಡ್, ಪಿಟ್ಸ್‌ಬರ್ಗಿನ ಕೆಡಿಕೆಎ ಕಾರ್ಯಕ್ರಮಗಳನ್ನು ಶಾರ್ಟ್‌ವೇವ್ ಮೂಲಕ ದೂರದ ಕೇಂದ್ರಗಳಿಗೆ ಕಳಿಸಿ ಮರುಪ್ರಸಾರ ಮಾಡಿಸಿದರು. ದೂರ ಅಳೀತು, ಖರೆ. ಆದ್ರ ಯಾವ ಭಾಷೆ, ಯಾವ ಹೊತ್ತು ಅನ್ನೋದು ಟ್ರಾನ್ಸ್‌ಮಿಟರ್ ಇದ್ದವರ ಕೈಯಲ್ಲೇ ಉಳೀತು.

ಇನ್ನು ಕನ್ನಡಕ್ಕೆ ಬರೋಣ. 1935ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಅದೇ ವರ್ಷ ಹೈದರಾಬಾದಿನ ಡೆಕ್ಕನ್ ರೇಡಿಯೋ ನಿಜಾಮ್ ಸರ್ಕಾರದ ಕೈಗೆ ಬಂತು. ನಮ್ಮ ಪ್ರಬಂಧಗಳಲ್ಲಿ ಮೊದಲನೆಯದಕ್ಕೆ ಪುಟಗಟ್ಟಲೆ ಜಾಗ, ಎರಡನೆಯದಕ್ಕೆ ಒಂದು ಸಾಲು: 'ಉರ್ದು ರೇಡಿಯೋ'. ಉರ್ದುವಿಗೇ ಅಗ್ರಸ್ಥಾನ, ಒಪ್ಪಿದೆ. ಆದರೆ ಅಲ್ಲಿಂದ ತೆಲುಗು, ಮರಾಠಿ ಜೊತೆ ಕನ್ನಡವೂ ಬರುತ್ತಿತ್ತು.

ಗದ್ವಾಲ ಆಗ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಗದ್ವಾಲ ಆಂಧ್ರಕ್ಕೆ ಹೋಯ್ತು. ಹಂಗಾದ್ರ ಗದ್ವಾಲದ ಕನ್ನಡ ಕೇಳುಗನನ್ನು ಯಾವ ಇತಿಹಾಸದಾಗ ಹುಡುಕಬೇಕು? ಕರ್ನಾಟಕದವರು ಊರು ನೋಡಿ ಬಿಡ್ತಾರ, ತೆಲಂಗಾಣದವರು ಭಾಷೆ ನೋಡಿ ಬಿಡ್ತಾರ.

ಶಾರ್ಟ್‌ವೇವ್‌ನಲ್ಲಿ ಒಂದು ವಿಚಿತ್ರ ಇದೆ. ನೆಲದ ಮೇಲಿನ ತರಂಗ ಬೇಗ ಸಾಯುತ್ತದೆ, ಅಯಾನುಗೋಳಕ್ಕೆ ಬಡಿದ ತರಂಗ ದೂರದಲ್ಲಿ ಇಳಿಯುತ್ತದೆ. ನಡುವಿನ ಪಟ್ಟಿಗೆ ಏನೂ ಕೇಳಿಸದು. ನಾರಾಯಣಪೇಟೆ, ಮಕ್ತಲ್ ನಮ್ಮ ಬರವಣಿಗೆಯ ಅಂಥ ಪಟ್ಟಿ ಎನ್ನಲು ನಾಲಿಗೆ ತುರಿಸ್ತದ. ಆದರೆ ಇದು ಪ್ರಕೃತಿ ಮಾಡಿದ್ದಲ್ಲ, ನಾವು ಮಾಡಿದ್ದು.

ನನ್ನ ಹಳೆಯ ಪ್ರಬಂಧದಲ್ಲೂ ಇದೇ ತಪ್ಪಿದೆ: ಕೇಂದ್ರ, ಕಿಲೋವ್ಯಾಟ್, ಉದ್ಘಾಟನೆಯ ದಿನಾಂಕ. ಕೇಳಿದವರಿಲ್ಲ. ಸೆಟ್ ಯಾರ ಮನ್ಯಾಗಿತ್ತು, ಬ್ಯಾಟರಿ ಎಲ್ಲಿಂದ ಬರ್ತಿತ್ತು, ನಾರಾಯಣಪೇಟೆಯ ಮಗ್ಗದ ಮನೆಗಳಲ್ಲಿ ಧಾರವಾಡ ಹಚ್ತಿದ್ರೋ ಹೈದರಾಬಾದೋ? ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಅದನ್ನು ನೆನಪಿಟ್ಟವರು ಇವತ್ತು ಎಂಬತ್ತು ದಾಟಿದವರು. ಈ ಬೇಸಿಗೆ ರಜೆಯೊಳಗ ಹೋಗದಿದ್ರ ಕೇಳಾಕ ಯಾರೂ ಸಿಗಲಿಕ್ಕಿಲ್ಲ ಸರ್. ಧ್ವನಿಮುದ್ರಣಕ್ಕೆ ನನ್ನ ಜೊತೆ ಬರುವವರು ಚಾಟ್‌ನಲ್ಲಿ ಹೆಸರು ಹಾಕ್ರಿ.