‘ಪರಿಸರದ ಕತೆ’: ಗಾಳಗಾರರ ಗೆಳೆತನ

ಗಾಳ ಹಿಡಿದು ದಡದಲ್ಲಿ ಕುಳಿತ ಹುಡುಗನನ್ನು ‘ಕೆಲಸಗೇಡಿ’ ಎಂದು ಹಳಿಯುವದು ನಮ್ಮ ಹಿರಿಯರ ರೂಢಿ. ಗರಿಯಿಂದ ಹುಳುವಿನ ವೇಷ ಕಟ್ಟಿ ಮೀನನ್ನು ಮರುಳುಗೊಳಿಸುವ ಕಲೆಯನ್ನು ಕುರಿತು ಆಂಗ್ಲರು ಗ್ರಂಥಗಳನ್ನೇ ರಚಿಸಿರುವರು. ಕನ್ನಡದಲ್ಲಿ ಗಾಳಕ್ಕೆ ಸಾಹಿತ್ಯದ ಪಂಕ್ತಿಯಲ್ಲಿ ಎಡೆಯಿತ್ತವರಲ್ಲಿ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (1938–2007) ಮುಖ್ಯರು. ಸ್ವತಃ ಗಾಳಗಾರರಾಗಿದ್ದ ಅವರ ‘ಪರಿಸರದ ಕತೆ’ (1991)ಯಲ್ಲಿ ಕಾಡು, ನೀರು, ಕಿವಿಯೆಂಬ ನಾಯಿ, ಊರ ಸಂಗಡಿಗರು ಎಲ್ಲರಿಗೂ ಸಮಾನವಾದ ಮನ್ನಣೆಯುಂಟು.

ಬೇಟೆಗಾರನ ಬಡಾಯಿ ಇಲ್ಲದಿರುವದೇ ಈ ಬರಹದ ಹಿರಿಯ ಗುಣ. ಲೇಖಕರು ಮೊದಲು ತಮ್ಮನ್ನೇ ನಗೆಗೀಡು ಮಾಡಿಕೊಳ್ಳುವರು. ಓದುಬಾರದ ಸಂಗಡಿಗನು ಅವರಿಗೆ ಗುರುವಾಗುವನು. ಆದರೆ ಆ ನಗೆಯ ಮರೆಯಲ್ಲಿ ಸಂಗಡಿಗರ ಮನೆಯ ಅಳಲು ಕೆಲವೆಡೆ ಅಡಗಿಬಿಡುವದು. ಒಟ್ಟಿಗೆ ಗಾಳ ಹಾಕಿದ ಹುಡುಗರು ಬೆಳೆದು ಅಗಲುವ ನೋವನ್ನು ಅರಸುವ ವಾಚಕನಿಗೆ ಇಲ್ಲಿ ದೊರೆಯುವದು ಸ್ವಲ್ಪವೇ.

ಮುದಗಲ್ಲಿನವರು ಇದನ್ನು ಓದುವಾಗ ಮಲೆನಾಡಿನ ಹಳ್ಳಗಳನ್ನು ಕಂಡು ಕರುಬಬೇಕಾಗಿಲ್ಲ. ಮಳೆ ಕಡಮೆಯಾದ ಈ ಎಡೆದೊರೆ ನಾಡಿನಲ್ಲಿ ನಮಗೆ ಕೋಟೆಯ ಕಂದಕವುಂಟು. ಅದಕ್ಕಾಗಿ ವಿಜಯನಗರದವರೂ ಬಹಮನಿಗಳೂ ಕಾದಿದ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ; ಅದರ ದಡದಲ್ಲಿ ಒಂದೇ ಎರೆಹುಳುವನ್ನು ಹಂಚಿಕೊಂಡ ಗೆಳೆಯರ ಕಥೆಯನ್ನು ಹೇಳುವದಿಲ್ಲ. ಆ ‘ಕೆಲಸಗೇಡಿ’ಗಳಲ್ಲೊಬ್ಬನು ಲೇಖನಿ ಹಿಡಿಯಲಿ.